ಕಾಗಿಣಾ ದಾಟಿದ ದೂತ

ಶ್ರಾವಣದ ಮಳೆ ಹಿಡಿಯಿತೆಂದರೆ ಮಳಖೇಡದ ಕಾಗಿಣಾ ನದಿಗೆ ದಡ ಸಾಲದು. ಕೋಟೆಯ ಬುಡದಿಂದ ಆಚೆ ತೊಗರಿ ಹೊಲದವರೆಗೂ ಕದಡಿದ ನೀರೇ ನೀರು. ಸೇತುವೆ ಮುಳುಗಿ ಸೇಡಂ–ಕಲಬುರಗಿ ರಸ್ತೆಯ ಬಸ್ಸುಗಳು ಅಲ್ಲಲ್ಲೇ ನಿಂತುಬಿಡುವುದು ಈಗಲೂ ಉಂಟು. ಸೇತುವೆಯೇ ಇಲ್ಲದ ಕಾಲದಲ್ಲಿ ಈ ದಡದ ಮನೆಯಲ್ಲೊಬ್ಬರು ಹಾಸಿಗೆ ಹಿಡಿದರೆ ಗತಿಯೇನು? ಮನೆಮದ್ದು ಮುಗಿಯಿತು, ಊರ ಪಂಡಿತರ ಕಷಾಯವೂ ನಾಟಲಿಲ್ಲ. ಇನ್ನು ಉಳಿದದ್ದು ದೂರದೂರಿನ ದೊಡ್ಡ ವೈದ್ಯರ ಮಾತು. ಜ್ವರದಲ್ಲಿ ಬೇಯುವ ದೇಹವನ್ನು ಬಂಡಿಗೆ ಏರಿಸಿ ಕಪ್ಪು ಮಣ್ಣಿನ ಕೆಸರು ದಾಟಿಸುವಂತಿಲ್ಲ. ವೈದ್ಯರು ಬರುತ್ತಾರೆಂಬ ಭರವಸೆಯೂ ಇಲ್ಲ. ಹೋಗಬೇಕಾದವನು ಒಬ್ಬ ದೂತ.

ಆ ಹೊತ್ತಿನ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಪರಶಿ ಹಾಸಿದ ಪಡಸಾಲೆ. ಮೂಲೆಯಲ್ಲಿ ಕೌದಿ ಹೊದ್ದು ನರಳುವ ಯಜಮಾನ. ಎಣ್ಣೆ ದೀಪದ ಪಕ್ಕ ನಾಲ್ಕು ರಾತ್ರಿ ನಿದ್ದೆಗೆಟ್ಟ ತಾಯಿ. ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೊಸ್ತಿಲಲ್ಲಿ ನಿಂತ ಹುಡುಗನಿಗೆ ಅವಳು ಹೇಳಿಕೊಡುತ್ತಾಳೆ: “ಜ್ವರ ಸಂಜಿಮುಂದ ಏರ್ತಾದ, ನಸಿಕಿನಾಗ ಇಳಿತಾದ ಅನ್ನು. ನೀರ ಕುಡದ್ರೂ ವಾಂತಿ ಆಗ್ತಾದ ಅನ್ನು. ಕಣ್ಣ ಹಳದಿ ಆಗ್ಯಾವ, ಅದನ್ನ ಮರೀಬ್ಯಾಡಪಾ.” ಹುಡುಗ ಒಂದೊಂದು ಮಾತಿಗೂ ಒಂದೊಂದು ಬೆರಳು ಮಡಿಚುತ್ತಾನೆ. ಹರಿಗೋಲು ಸಿಗುವವರೆಗೆ, ಮುಂದೆ ದಾರಿಯುದ್ದಕ್ಕೂ, ಅವನ ಬಾಯಲ್ಲಿ ಅವೇ ಮಾತುಗಳು.

ವಾಗ್ಭಟನ ಅಷ್ಟಾಂಗಹೃದಯ ರೋಗಿಯನ್ನು ಪರೀಕ್ಷಿಸುವುದಕ್ಕೆ ಮೂರು ದಾರಿ ಹೇಳುತ್ತದೆ: ದರ್ಶನ, ಸ್ಪರ್ಶನ, ಪ್ರಶ್ನ. ನೋಡಬೇಕು, ಮುಟ್ಟಬೇಕು, ಕೇಳಬೇಕು. ರೋಗಿ ಹೊಳೆಯ ಆಚೆ ಇದ್ದಾಗ ಮೊದಲೆರಡು ಬಾಗಿಲು ಮುಚ್ಚಿದಂತೆಯೇ. ವೈದ್ಯರಿಗೆ ಉಳಿಯುವುದು ಪ್ರಶ್ನೆಯೊಂದೇ. ಉತ್ತರಿಸಬೇಕಾದವನು ದಣಿದು ಬಂದ ಹುಡುಗ.

ಆದ್ದರಿಂದಲೇ ನಮ್ಮ ಹಳೆಯ ವೈದ್ಯಗ್ರಂಥಗಳು ದೂತನ ವಿಚಾರಕ್ಕೆ ಅಷ್ಟು ಜಾಗ ಕೊಟ್ಟವು ಎನಿಸುತ್ತದೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ, ಚರಕನ ಇಂದ್ರಿಯಸ್ಥಾನದಲ್ಲಿ, ವಾಗ್ಭಟನ ಶಾರೀರಸ್ಥಾನದಲ್ಲಿ ದೂತ ಬರುತ್ತಾನೆ. ಅವನು ಉಟ್ಟ ಬಟ್ಟೆ, ಬಂದ ಹೊತ್ತು, ನಿಂತ ಭಂಗಿ, ಆಡಿದ ಮೊದಲ ಮಾತು ಎಲ್ಲವನ್ನೂ ವೈದ್ಯ ಗಮನಿಸಬೇಕು. ಕತ್ತೆ ಅಥವಾ ಒಂಟೆಯ ಮೇಲೆ ಬಂದವನು, ಕೈಯಲ್ಲಿ ಹಗ್ಗವೋ ದೊಣ್ಣೆಯೋ ಹಿಡಿದವನು, ಹುಲ್ಲುಕಡ್ಡಿ ಮುರಿಯುತ್ತ ನಿಂತವನು ಅಶುಭ. ಗುಂಪು ಕಟ್ಟಿಕೊಂಡು ಬಂದವರು, ಬೇರೆ ಕೆಲಸದ ನಡುವೆ ಇದನ್ನೂ ಮುಗಿಸಿಕೊಳ್ಳಲು ಬಂದವರು ಕೂಡ ಒಳ್ಳೆಯ ದೂತರಲ್ಲ. ಶುಭ್ರವಾದ ಬಟ್ಟೆ ತೊಟ್ಟವನು, ನೆನಪಿನ ಶಕ್ತಿಯುಳ್ಳವನು, ಹೊತ್ತುಗೊತ್ತು ಬಲ್ಲವನು, ಸಮಯಕ್ಕೆ ತಕ್ಕ ಬುದ್ಧಿ ಓಡುವವನು ಒಳ್ಳೆಯ ದೂತ.

ಶಕುನದ ಹೊಟ್ಟನ್ನು ತೂರಿದರೆ ಇಲ್ಲಿ ಕಾಳು ಉಳಿಯುತ್ತದೆ. ಹತ್ತು ಜನ ಬಂದು ಹತ್ತು ಬಾಯಲ್ಲಿ ಹೇಳಿದರೆ ವೈದ್ಯ ಯಾವುದನ್ನು ನಂಬಬೇಕು? ಜ್ವರ ಏರುವ ಹೊತ್ತನ್ನು ಮರೆತವನಿಂದ ಏನು ತಿಳಿಯಬೇಕು? ಆದರೆ ಕರೆಯಲು ಹೆಣ್ಣು ಬಂದರೆ ಅಶುಭ ಎಂದು ಸುಶ್ರುತ ಸಂಹಿತೆ ಹೇಳಿರುವುದನ್ನು ನಾನು ಒಪ್ಪಲಾರೆ. ರಾತ್ರಿಯಿಡೀ ಹಣೆ ಮುಟ್ಟಿ ನೋಡಿದವಳು, ಗಂಜಿ ಎಷ್ಟು ಗುಟುಕು ಇಳಿಯಿತೆಂದು ಬಲ್ಲವಳು ಅವಳು. ಹುಡುಗ ಹೊತ್ತೊಯ್ದದ್ದು ಅವಳ ಕಣ್ಣು, ಅವಳ ಕೈ ಕಂಡದ್ದನ್ನೇ. ಅವಳನ್ನು ಬಾಗಿಲಲ್ಲಿ ನಿಲ್ಲಿಸಿದ ಶಾಸ್ತ್ರ ತನ್ನ ಅತ್ಯುತ್ತಮ ಸಾಕ್ಷಿಯನ್ನೇ ಕಳೆದುಕೊಂಡಿತು.

ಈ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿ ಮೆರೆದ 9ನೇ ಶತಮಾನದಲ್ಲಿ ದೂರದ ವೈದ್ಯನ ಮಾತಿಗೆ ರಾಜಸಭೆಯೇ ಕಿವಿಗೊಟ್ಟಿತ್ತು. ಅಮೋಘವರ್ಷ ನೃಪತುಂಗ ಸುಮಾರು 814ರಿಂದ 878ರವರೆಗೆ ಆಳಿದ ರಾಷ್ಟ್ರಕೂಟ ದೊರೆ. ಜೈನ ವೈದ್ಯ ಉಗ್ರಾದಿತ್ಯಾಚಾರ್ಯ ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ಬರೆದದ್ದು ಇಲ್ಲಲ್ಲ, ಪೂರ್ವದ ವೆಂಗಿ ಸೀಮೆಯ ರಾಮಗಿರಿಯಲ್ಲಿ. ಅದರ ಕೊನೆಗೆ ಸೇರಿದ ಹಿತಾಹಿತ ಅಧ್ಯಾಯ ಮಾತ್ರ ನೃಪತುಂಗನ ಸಭೆಯದು. ಔಷಧದಲ್ಲಿ ಮಾಂಸ ಬೇಕಿಲ್ಲ ಎಂದು ನೆರೆದ ವೈದ್ಯರ, ವಿದ್ವಾಂಸರ ಮುಂದೆ ಆಚಾರ್ಯ ವಾದಿಸಿದ್ದು ಅದರಲ್ಲಿದೆ. ಇಂದು ಕುಸಿದ ಗೋಡೆ, ಬುರುಜುಗಳ ನಡುವೆ ನಿಂತಾಗ ಆ ಸಭೆಯನ್ನು ಊಹಿಸಿಕೊಳ್ಳಬೇಕು.

ನೃಪತುಂಗನಿಗೂ ಸ್ವಲ್ಪ ಮುಂಚೆ ಬಾಗ್ದಾದಿನ ಖಲೀಫ ಹಾರೂನ್ ಅಲ್ ರಷೀದ್ ಕಾಯಿಲೆ ಬಿದ್ದಾಗ ಭಾರತದಿಂದ ಮಂಕಾ ಎಂಬ ವೈದ್ಯನನ್ನು ಕರೆಸಿಕೊಂಡನೆಂದು ಅರಬ್ಬಿ ಚರಿತ್ರಕಾರರು ಬರೆದಿದ್ದಾರೆ. ಖಲೀಫರಿಗೆ ಕಡಲಾಚೆಯ ವೈದ್ಯ ಸಿಕ್ಕಿಯಾನು; ಕಾಗಿಣೆಯ ರೈತನಿಗೆ ದೂತನೇ ಗತಿ.

ನಿಜಾಮರ ಕಾಲಕ್ಕೆ ದಾರಿ ಬದಲಾಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಸ್ಟೇಷನ್ನುಗಳಲ್ಲಿ ಹೈದರಾಬಾದಿನ ಗಾಡಿಗೆ ಕಾಯುವವರಲ್ಲಿ ದವಾಖಾನೆಗೆ ಹೊರಟವರೂ ಸೇರಿಕೊಂಡರು. ಕೆಲವರು ಸೊಲ್ಲಾಪುರಕ್ಕೆ, ಇನ್ನು ಕೆಲವರು ಮಿರಜಿಗೆ. ಮಿರಜಿನಲ್ಲಿ ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ ಅವರ ಆಸ್ಪತ್ರೆ 1894ರಿಂದ ಇತ್ತು. ಎದ್ದು ಕೂರಲಾಗದವರ ಪರವಾಗಿ ಕಾಗದ ಹೋಗುತ್ತಿತ್ತು. ಹಕೀಮರಿಗಾದರೆ ಉರ್ದು ಬಲ್ಲವರೊಬ್ಬರನ್ನು ಹಿಡಿದು ಬರೆಸಬೇಕು. ಯುನಾನಿ ವೈದ್ಯರು ರೋಗಿಯ ಮೂತ್ರ ನೋಡಿ, ಅಂದರೆ ಕಾರೂರಾ ನೋಡಿ, ರೋಗ ಅಳೆಯುವವರು. ಆದರೆ ನಸುಕಿನಲ್ಲಿ ಶೀಶೆಗೆ ತುಂಬಿದ್ದು ರೈಲಿನ ಸೆಕೆಯಲ್ಲಿ ಬಣ್ಣಗೆಡದೆ ಇದ್ದೀತೆ? ತಾಜಾ ಇದ್ದಾಗಲೇ ನೋಡಬೇಕೆಂದು ಅವರ ಗ್ರಂಥಗಳೇ ಎಚ್ಚರಿಸುತ್ತವೆ. ಮತ್ತೆ ಮಾತಿಗೇ ಬರಬೇಕು.

ಹೊಳೆ ದಾಟಿ ಬಂದ ಹುಡುಗನನ್ನು ವೈದ್ಯರು ಕೇಳುತ್ತಾರೆ: “ಎಷ್ಟ ದಿನ ಆತು? ಊಟ ಸೇರ್ತಾದೇನು? ನಾಲಿಗಿ ಹ್ಯಾಂಗ ಅದ?” ಹುಡುಗ ಮಡಿಚಿದ ಬೆರಳು ಒಂದೊಂದಾಗಿ ಬಿಚ್ಚುತ್ತಾನೆ. ಒಂದು ಪ್ರಶ್ನೆಗೆ ಬೆರಳೇ ಇಲ್ಲ. ನಾಲಿಗೆ ನೋಡಿಕೊಂಡು ಹೋಗು ಎಂದು ಯಾರೂ ಹೇಳಿರಲಿಲ್ಲ. ಬಲ್ಲ ವೈದ್ಯರು ಅಲ್ಲಿ ಊಹಿಸುತ್ತಿರಲಿಲ್ಲ. ಕೆಡುಕು ಮಾಡದಷ್ಟು ಸೌಮ್ಯವಾದ ಮದ್ದು ಕಟ್ಟಿಕೊಟ್ಟು, ಪಥ್ಯ ಹೇಳಿ, ಇದನ್ನು ನೋಡಿಕೊಂಡು ಮತ್ತೆ ಬಾ ಎನ್ನುತ್ತಿದ್ದರು. ಆ “ಮತ್ತೆ ಬಾ” ಎಂಬ ಮಾತಿನೊಳಗೆ ಎರಡು ಹಗಲು ಎರಡು ರಾತ್ರಿಯ ದಾರಿ. ಹಿಂದಿರುಗುವ ಹೊತ್ತಿಗೆ ಜ್ವರ ಇಳಿದ ಮನೆಗಳಿದ್ದವು, ಬಾಗಿಲಲ್ಲಿ ಜನ ಸೇರಿದ ಮನೆಗಳೂ ಇದ್ದವು.

ಈಗ ದೂತನ ಕೆಲಸ ಫೋನಿನದು. 2020ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ದೂರವೈದ್ಯಕ್ಕೆ ಮಾರ್ಗಸೂಚಿ ಹೊರಡಿಸಿತು. ಇ-ಸಂಜೀವಿನಿ ಎಂಬ ಸರ್ಕಾರಿ ದೂರವೈದ್ಯ ಸೇವೆಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದಿಂದಲೇ ದೊಡ್ಡ ಡಾಕ್ಟರರನ್ನು ಕಾಣಬಹುದು. ಪರದೆ ನೋಟವನ್ನು ಒಂದಿಷ್ಟು ಮರಳಿಸಿದೆ, ಸ್ಪರ್ಶವನ್ನು ಮರಳಿಸಿಲ್ಲ. ಆದರೂ ಬಹಳ ಮನೆಗಳಲ್ಲಿ ಕರೆ ಮಾಡುವವರು ಪೇಟೆಯಲ್ಲಿರುವ ಮಗ, ಬೆಂಗಳೂರಿನಲ್ಲಿರುವ ಅಳಿಯ; ರೋಗಿಯ ಪಕ್ಕ ಕೂತವರು ಸುಮ್ಮನೆ ಕೇಳುತ್ತಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಜ್ವರ ಏರುವ ಹೊತ್ತು, ಕೊಟ್ಟ ಮಾತ್ರೆಯ ಹೆಸರು, ಹೊಟ್ಟೆಗೆ ಇಳಿದದ್ದು, ಮೂತ್ರ ಹೋದದ್ದು, ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಡಾಕ್ಟರ್ ಮಾತಿಗೆ ಸಿಕ್ಕೊಡನೆ ಫೋನನ್ನು ಆರೈಕೆ ಮಾಡುತ್ತಿರುವ ಆ ಹೆಣ್ಣುಮಗಳ ಕೈಗೆ ಕೊಡಿ.