ಅಂಕ ಕೇಳದ ವಿದ್ಯಾರ್ಥಿವೇತನ

ಪಿಯುಸಿ ಫಲಿತಾಂಶ ಬಂದ ಮೇಲೆ ಊರೂರಲ್ಲಿ ಪ್ರತಿಭಾ ಪುರಸ್ಕಾರ ನಡೆಯುತ್ತದೆ. ಶೇ 95 ದಾಟಿದ ಹುಡುಗಿಗೆ ಜಾತಿ ಸಂಘದವರು, ಮಠದವರು, ಸಹಕಾರ ಬ್ಯಾಂಕಿನವರು ಸರದಿಯಲ್ಲಿ ಶಾಲು ಹೊದಿಸಿ, ಸ್ಮರಣಿಕೆಯ ಜೊತೆಗೊಂದು ಚೆಕ್ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಶೇ 55 ತೆಗೆದವಳನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ‘ಓದಿದ್ದು ಸಾಕು’ ಎಂಬ ಮಾತು ಮನೆಯಲ್ಲಿ ಮೊದಲು ಬರುವುದು ಇಂಥವಳ ವಿಷಯಕ್ಕೇ. ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ವಿದ್ಯಾರ್ಥಿವೇತನ ಗಮನ ಸೆಳೆಯುವುದು ಈ ಕಾರಣಕ್ಕೆ. ಹತ್ತು ಮತ್ತು ಹನ್ನೆರಡನೇ ತರಗತಿಗಳನ್ನು ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿ, ಪದವಿ ಇಲ್ಲವೇ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ಹುಡುಗಿಗೆ ಕೋರ್ಸ್ ಮುಗಿಯುವವರೆಗೆ ವರ್ಷಕ್ಕೆ 30,000 ರೂಪಾಯಿ ಅವಳ ಬ್ಯಾಂಕ್ ಖಾತೆಗೇ ಬರುತ್ತದೆ. ಇಷ್ಟು ಅಂಕ ಇರಲೇಬೇಕೆಂಬ ಷರತ್ತಿಲ್ಲ. ಮಧ್ಯಪ್ರದೇಶ, ಉತ್ತರ ಪ್ರದೇಶ, ರಾಜಸ್ಥಾನ, ಜಾರ್ಖಂಡ್‌ಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಇದು 2025ರಲ್ಲಿ 18 ರಾಜ್ಯಗಳಿಗೆ ವಿಸ್ತರಿಸಿತು. ಕರ್ನಾಟಕದಲ್ಲಿ ರಾಜ್ಯ ಸರ್ಕಾರ ಕೈಜೋಡಿಸಿದೆ. ಇಲ್ಲಿ ಇದರ ಹೆಸರು ‘ದೀಪಿಕಾ’.

ಇದರಲ್ಲಿ ನನಗೆ ಹೆಚ್ಚು ಜಾಣತನ ಕಾಣುವುದು ಬಡತನವನ್ನು ಗುರುತಿಸುವ ಬಗೆಯಲ್ಲಿ. ನಮ್ಮ ವಿದ್ಯಾರ್ಥಿವೇತನಗಳಲ್ಲಿ ಹೆಚ್ಚಿನವು ಜಾತಿ, ಆದಾಯ ಪ್ರಮಾಣಪತ್ರಗಳ ಮೇಲೆ ನಿಂತಿವೆ. ಅದಕ್ಕೆ ನಾಡಕಚೇರಿಗೆ ಹೋಗಬೇಕು, ಆರ್‌ಡಿ ಸಂಖ್ಯೆ ಪಡೆಯಬೇಕು, ಎಸ್‌ಎಸ್‌ಪಿ ತಂತ್ರಾಂಶದಲ್ಲಿ ತುಂಬಬೇಕು. ಆಧಾರ್‌ನಲ್ಲಿ ಒಂದು ಇನಿಷಿಯಲ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಅರ್ಜಿ ಅಲ್ಲೇ ನಿಂತಿತು. ಕೂಲಿಗೆ ಹೋಗುವ ಅಪ್ಪ ಅಮ್ಮನಿಗೆ ಈ ಓಡಾಟದ ಒಂದೊಂದು ದಿನವೂ ಒಂದು ದಿನದ ಸಂಬಳ. ಮೇಲಾಗಿ, ಆದಾಯ ಪ್ರಮಾಣಪತ್ರದಲ್ಲಿರುವ ಮೊತ್ತಕ್ಕೂ ಮನೆಯ ನಿಜವಾದ ಗಳಿಕೆಗೂ ಎಷ್ಟು ಸಂಬಂಧ ಎನ್ನುವುದು ಎಲ್ಲರಿಗೂ ಗೊತ್ತು! ಓದಿದ ಸರ್ಕಾರಿ ಶಾಲೆಯನ್ನೇ ಗುರುತಾಗಿಟ್ಟುಕೊಂಡರೆ ಈ ಸರ್ಕಸ್ ಬಹುಪಾಲು ತಪ್ಪುತ್ತದೆ. ಸ್ವಲ್ಪ ಅನುಕೂಲವಿದ್ದರೂ ಮಗಳನ್ನು ಕಾನ್ವೆಂಟಿಗೆ ಹಾಕುವ ಕಾಲವಿದು. ಎರಡೂ ಹಂತಗಳನ್ನು ಸರ್ಕಾರಿ ಸಂಸ್ಥೆಯಲ್ಲೇ ಮುಗಿಸಿದವಳ ಮನೆಯ ಸ್ಥಿತಿಯನ್ನು ಬೇರೆ ಕಾಗದ ಕೇಳಿ ತಿಳಿಯಬೇಕಿಲ್ಲ. ಈ ಅಳತೆಯಲ್ಲೂ ಒಂದು ದೋಷವಿದೆ. ಅನುದಾನಿತ ಶಾಲೆಗಳಲ್ಲಿ ಓದುವ ಬಡ ಹುಡುಗಿಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಊರಿಗೆ ಹತ್ತಿರವಿದ್ದ ಶಾಲೆ ಯಾವುದೋ ಟ್ರಸ್ಟಿನದೆಂಬ ಕಾರಣಕ್ಕೆ ಅವರು ಹೊರಗುಳಿಯುವುದು ನ್ಯಾಯವಲ್ಲ. ಅನುದಾನಿತ ಶಾಲೆಗಳನ್ನೂ ಸೇರಿಸಿಕೊಳ್ಳಬೇಕು.

ಹುಡುಗಿಯರೀಗ ಹಿಂದಿಲ್ಲವಲ್ಲ, ಅವರಿಗೇಕೆ ಪ್ರತ್ಯೇಕ ಹಣ ಎಂಬ ಆಕ್ಷೇಪವಿದೆ. ಕೇಂದ್ರ ಶಿಕ್ಷಣ ಸಚಿವಾಲಯದ 2021–22ರ ಸಮೀಕ್ಷೆಯಲ್ಲಿ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಪ್ರಮಾಣ ಯುವತಿಯರಲ್ಲಿ ಶೇ 28.5, ಯುವಕರಲ್ಲಿ ಶೇ 28.3 ಇತ್ತು ನಿಜ. ಆದರೆ ಅದು ಊರು, ಜಾತಿ, ವರಮಾನ ಎಲ್ಲವನ್ನೂ ಒಟ್ಟುಗೂಡಿಸಿದ ಸರಾಸರಿ. ಹಾಗೆ ನೋಡಿದರೂ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಹುಡುಗಿಯರು ಕಾಲೇಜಿನ ಹೊರಗಿದ್ದಾರೆ. ಇನ್ನು ಕೆಲವರು, ಸರ್ಕಾರಿ ಕಾಲೇಜಿನಲ್ಲಿ ಶುಲ್ಕ ಕಡಿಮೆ, 2023ರ ಜೂನ್‌ನಿಂದ ಬಸ್ಸೂ ಉಚಿತ, ಮತ್ತೇನು ಖರ್ಚು ಎನ್ನುತ್ತಾರೆ. ಹಾಸ್ಟೆಲ್ ಸೀಟು ಸಿಗದಿದ್ದರೆ ಪಿಜಿ ಬಾಡಿಗೆ, ಪರೀಕ್ಷಾ ಶುಲ್ಕ, ಪುಸ್ತಕ, ಲ್ಯಾಬ್ ಕೋಟು, ಮೊಬೈಲ್ ಡೇಟಾ ಇದ್ದೇ ಇವೆ. ಇವೆಲ್ಲಕ್ಕಿಂತ ದೊಡ್ಡದು, ಅವಳು ಗಾರ್ಮೆಂಟ್ಸಿಗೋ ಹತ್ತಿ ಬಿಡಿಸಲೋ ಹೋಗಿದ್ದರೆ ಮನೆಗೆ ಬರುತ್ತಿದ್ದ ದುಡ್ಡು. ತಿಂಗಳಿಗೆ 2,500 ರೂಪಾಯಿ ಆ ಸಂಬಳಕ್ಕೆ ಸಮವಾಗುವುದಿಲ್ಲ. ಆದರೆ ಅವಳ ಓದು ಮನೆಯ ಮೇಲೆ ಹೊರೆಯಲ್ಲ ಎಂದು ವಾದಿಸಲು ಅಷ್ಟು ಸಾಕಾಗಬಹುದು. ಹೋಲಿಕೆಗೆ ಹೇಳುವುದಾದರೆ, ಸರ್ಕಾರದ ರೈತ ವಿದ್ಯಾನಿಧಿ 2021ರಲ್ಲಿ ಶುರುವಾದಾಗ ಬಿ.ಎ., ಬಿ.ಕಾಂ. ಓದುವ ರೈತರ ಮಗಳಿಗೆ ನಿಗದಿಯಾಗಿದ್ದುದು ವರ್ಷಕ್ಕೆ 5,500 ರೂಪಾಯಿ.

ಸರ್ಕಾರ ಮಾಡಬೇಕಾದ್ದನ್ನು ಖಾಸಗಿ ಪ್ರತಿಷ್ಠಾನವೊಂದು ಮಾಡುವುದು ಸರಿಯೇ ಎಂಬ ಪ್ರಶ್ನೆಗೆ ನನ್ನಲ್ಲೂ ಪೂರ್ತಿ ಸಮಾಧಾನವಿಲ್ಲ. ದಾನಿಯ ಮನಸ್ಸು ಬದಲಾದರೆ ಹುಡುಗಿ ಯಾವ ಕಚೇರಿಯ ಮುಂದೆ ಧರಣಿ ಕೂರಬೇಕು? ಸರ್ಕಾರದ ವಿದ್ಯಾರ್ಥಿವೇತನ ತಡವಾದರೆ ವಿಧಾನಸಭೆಯಲ್ಲಾದರೂ ಪ್ರಶ್ನೆ ಎತ್ತಬಹುದು. ಹಾಗೆಂದು ಈಗ ಬರುವ ಹಣವನ್ನು ಬೇಡವೆನ್ನಲು ಕಾರಣವಿಲ್ಲ. ಶಾಲಾ ಮಕ್ಕಳಿಗೆ ವಾರದ ಆರೂ ದಿನ ಮೊಟ್ಟೆ ಕೊಡಲು ಸರ್ಕಾರ ಇದೇ ಪ್ರತಿಷ್ಠಾನದ ನೆರವು ಪಡೆದಿದೆ. ಹಣದ ಜೊತೆಗೆ ಅದರ ಕ್ರಮವನ್ನೂ ಸರ್ಕಾರ ಎರವಲು ತಂದರೆ ಒಳ್ಳೆಯದು: ಕಡಿಮೆ ಕಾಗದ, ಕೋರ್ಸ್ ಮುಗಿಯುವವರೆಗಿನ ಖಾತ್ರಿ. ಯೋಜನೆಯ ಲೆಕ್ಕ ಹಿಡಿಯುವಾಗ ಅರ್ಜಿಗಳ ಸಂಖ್ಯೆ ದೊಡ್ಡದಾಗಿ ಕಾಣುವುದು ಸಹಜ. ನೋಡಬೇಕಾದ ಲೆಕ್ಕ ಬೇರೆ. 2025ರಲ್ಲಿ ಮೂರು ವರ್ಷದ ಪದವಿಗೆ ಸೇರಿದವರು ಕೊನೆಯ ಪರೀಕ್ಷೆ ಬರೆಯುವುದು 2028ರಲ್ಲಿ. ಮೊದಲ ವರ್ಷ ಹಣ ಪಡೆದವರಲ್ಲಿ ಎಷ್ಟು ಮಂದಿಯ ಹೆಸರು ಆ ಹಾಲ್ ಟಿಕೆಟ್ ಪಟ್ಟಿಯಲ್ಲಿದೆ ಎಂಬುದನ್ನು ಜಿಲ್ಲಾವಾರು ಪ್ರಕಟಿಸಬೇಕು.