ತಿಳಿನೀರೆಲ್ಲ ಶುದ್ಧ ನೀರಲ್ಲ: ಮಾಲಿನ್ಯದ ಬಗ್ಗೆ ನಾವು ನಂಬಿದ್ದು ಮತ್ತು ನಿಜ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಬಲ್ಲ ನಾವು, ನೀರಿನ ವಿಷಯ ಬಂದಾಗ ಮಾತ್ರ ಕಣ್ಣನ್ನೇ ನಂಬಿಬಿಡುತ್ತೇವೆ. ಲೋಟದ ತಳ ಕಂಡರೆ ಶುದ್ಧ, ಕೆಂಪಗಿದ್ದರೆ ಕೊಳಕು. ಗಾಳಿ ನಾರದಿದ್ದರೆ ಒಳ್ಳೆಯದು, ಸೊಪ್ಪು ಹಸಿರಾಗಿದ್ದರೆ ತಾಜಾ. ಕೊಳೆತದ್ದನ್ನು, ಹಳಸಿದ್ದನ್ನು ಪತ್ತೆ ಹಚ್ಚಲು ಕಣ್ಣು, ಮೂಗು, ನಾಲಿಗೆ ಸಾಕು. ಆದರೆ ಇವತ್ತು ನಮ್ಮನ್ನು ಕಾಡುತ್ತಿರುವ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಸೀಸಗಳು ನೀರಿನಲ್ಲಿ ಕರಗಿದಾಗ ಕಣ್ಣಿಗೆ ಕಾಣುವುದಿಲ್ಲ, ವಾಸನೆ ಬರುವುದಿಲ್ಲ. ಅವು ಅಳೆದರೆ ಮಾತ್ರ ತಿಳಿಯುತ್ತವೆ. ಯಾವುದಿದೆ, ಎಷ್ಟಿದೆ ಎಂದು ಗೊತ್ತಾದ ಮೇಲೇ ಅದಕ್ಕೆ ತಕ್ಕ ಪರಿಹಾರ ಹುಡುಕಬೇಕು. ಈ ಕ್ರಮ ತಪ್ಪಿದ ಕಡೆಯಲ್ಲೆಲ್ಲ ದುಡ್ಡು ಖರ್ಚಾಗುತ್ತದೆ, ಕಾಯಿಲೆ ಹಾಗೆಯೇ ಉಳಿಯುತ್ತದೆ. ಜನಜನಿತವಾಗಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಆಳದ ಬೋರ್‌ವೆಲ್ ನೀರನ್ನು ಯಾವ ಕಾರ್ಖಾನೆಯೂ ಮುಟ್ಟಿಲ್ಲ. ಅದಕ್ಕೆ ಪರೀಕ್ಷೆ ಬೇಕಿಲ್ಲ.

ಸತ್ಯ: ಬಯಲುಸೀಮೆಯ ನೆಲದಡಿ ಇರುವುದು ಹೆಚ್ಚಾಗಿ ಗ್ರಾನೈಟ್ ಮತ್ತು ನೈಸ್ ಬಂಡೆಗಳು. ಅವುಗಳ ಖನಿಜಗಳಲ್ಲೇ ಫ್ಲೋರೈಡ್ ಇದೆ. ಬಂಡೆಯ ಬಿರುಕಿನಲ್ಲಿ ನೀರು ಎಷ್ಟು ಕಾಲ ನಿಂತಿರುತ್ತದೋ ಅಷ್ಟು ಹೆಚ್ಚು ಫ್ಲೋರೈಡ್ ಅದರೊಳಗೆ ಕರಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಚಿತ್ರದುರ್ಗ, ಕೊಪ್ಪಳ, ರಾಯಚೂರು ಸೀಮೆಗಳಲ್ಲಿ ಬಾವಿಗಳು ಬತ್ತಿ, ಬೋರ್‌ವೆಲ್‌ಗಳು ನೂರಾರು ಅಡಿ ಕೆಳಗಿಳಿದಂತೆ ಈ ಹಳೆಯ ನೀರೇ ಕೊಡಕ್ಕೆ ಬಂತು.

ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು. ಬೇರೆ ನೀರೇ ಸಿಗದ ಕಡೆ 1.5 ಮಿಲಿಗ್ರಾಂವರೆಗೆ ವಿನಾಯಿತಿ ಇದೆ. ಇದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆಗಳು ಮೂಡುತ್ತವೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ದೊಡ್ಡವರ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಒಮ್ಮೆ ಬಾಗಿದ ಮೂಳೆಯನ್ನು ನೆಟ್ಟಗೆ ಮಾಡುವ ಔಷಧಿಯಿಲ್ಲ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಇದೇ ರೀತಿ ಆರ್ಸೆನಿಕ್ ಕಾಡಿತು. ಹಳೆಯ ಚಿನ್ನದ ಗಣಿಯ ಸೀಮೆಯಾದ ಅಲ್ಲಿ ಜನರ ಚರ್ಮದ ಮೇಲೆ ರೋಗ ಕಾಣಿಸಿಕೊಂಡ ಮೇಲೆ ಕುಡಿಯುವ ನೀರಿನ ಕಡೆ ಗಮನ ಹೋಯಿತು. ದೇಹ ತಿಳಿಸುವ ಮೊದಲೇ ಪರೀಕ್ಷೆ ತಿಳಿಸಬೇಕಿತ್ತು.

ತಪ್ಪು ಕಲ್ಪನೆ: ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಕಡಿಮೆ ಬಂದರೆ ನೀರು ಶುದ್ಧ.

ಸತ್ಯ: ಈ ನಂಬಿಕೆ ಮನೆಮನೆಗೆ ಹಬ್ಬಿದ್ದು ಒಂದು ಪ್ರದರ್ಶನದ ಮೂಲಕ. ಫಿಲ್ಟರ್ ಮಾರಲು ಬಂದವರು ಎರಡು ಲೋಟ ಇಡುತ್ತಾರೆ. ಒಂದರಲ್ಲಿ ನಿಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರ ಆರ್‌ಒ (ಪೊರೆಯ ಮೂಲಕ ಲವಣ ಸೋಸುವ) ಯಂತ್ರದ ನೀರು. ಲೋಹದ ಕಡ್ಡಿಗಳಿರುವ ಸಣ್ಣ ಸಾಧನವನ್ನು ಎರಡರೊಳಗೂ ಇಳಿಸಿ ಸ್ವಿಚ್ ಒತ್ತುತ್ತಾರೆ. ನಿಮಿಷದೊಳಗೆ ನಲ್ಲಿ ನೀರು ಹಳದಿಯಾಗಿ, ಕಂದಾಗಿ, ಮೇಲೆ ಕೊಳಕು ಕೆನೆ ಕಟ್ಟುತ್ತದೆ. ಆರ್‌ಒ ನೀರು ಹಾಗೇ ಇರುತ್ತದೆ. "ನೋಡಿ ಮೇಡಂ, ಇದನ್ನೇ ಮಕ್ಕಳಿಗೆ ಕುಡಿಸ್ತಿದ್ದೀರಿ" ಎಂದಾಗ ಯಾವ ತಾಯಿಗಾದರೂ ಎದೆ ಧಸಕ್ಕೆನ್ನುತ್ತದೆ.

ಆ ಕಂದು ಬಣ್ಣ ಬಂದದ್ದು ಕಡ್ಡಿಗಳಿಂದ. ಅವುಗಳಲ್ಲಿ ಕಬ್ಬಿಣದ ಕಡ್ಡಿಯೂ ಇರುತ್ತದೆ. ನೀರಿನಲ್ಲಿ ಲವಣಗಳಿದ್ದರೆ ವಿದ್ಯುತ್ ಚೆನ್ನಾಗಿ ಹರಿಯುತ್ತದೆ, ಕಬ್ಬಿಣ ಸವೆದು ತುಕ್ಕಾಗಿ ನೀರಿಗೆ ಸೇರುತ್ತದೆ. ಆರ್‌ಒ ನೀರಿನಲ್ಲಿ ಲವಣ ಕಡಿಮೆ, ವಿದ್ಯುತ್ ಹರಿಯುವುದು ಕಷ್ಟ, ಹಾಗಾಗಿ ತುಕ್ಕೂ ಕಡಿಮೆ. ಅದೇ ಆರ್‌ಒ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಮಾಡಲು ಹೇಳಿ. ಅದೂ ಕಂದಾಗುತ್ತದೆ.

ಪೆನ್ನಿನಂಥ ಟಿಡಿಎಸ್ ಮೀಟರ್ ಅಳೆಯುವುದೂ ಇದನ್ನೇ: ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು. ಅದರಿಂದ ಕರಗಿದ ಲವಣಗಳ ಒಟ್ಟು ಅಂದಾಜು ಸಿಗುತ್ತದೆ. ಆ ಲವಣ ಕ್ಯಾಲ್ಸಿಯಂ ಆಗಿರಬಹುದು, ನೈಟ್ರೇಟ್ ಆಗಿರಬಹುದು. ಮೀಟರಿಗೆ ಎರಡೂ ಒಂದೇ. ಚರಂಡಿ ಸೇರಿ ರೋಗಾಣು ತುಂಬಿದ ನೀರೂ 300 ತೋರಿಸಬಹುದು, ಕುಡಿಯಲು ಯೋಗ್ಯವಾದ ಗಡಸು ನೀರು 600 ತೋರಿಸಬಹುದು. ನಮ್ಮ ಮಾನಕ ಲೀಟರಿಗೆ 500 ಮಿಲಿಗ್ರಾಂವರೆಗಿನ ಟಿಡಿಎಸ್ ಸೂಕ್ತ ಎನ್ನುತ್ತದೆ, ಬೇರೆ ಮೂಲವಿಲ್ಲದಿದ್ದರೆ 2000ದವರೆಗೂ ಒಪ್ಪುತ್ತದೆ. 500ಕ್ಕಿಂತ ಕಡಿಮೆ ಟಿಡಿಎಸ್ ಇರುವ ಕಡೆ ಆರ್‌ಒ ಬಳಕೆಯನ್ನೇ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸೂಚಿಸಿತು. ವಿನಾಕಾರಣ ಪೋಲಾಗುವ ನೀರು ಅದಕ್ಕೆ ಮುಖ್ಯ ಕಾರಣ.

ತಪ್ಪು ಕಲ್ಪನೆ: ಚೆನ್ನಾಗಿ ಕುದಿಸಿದರೆ ಯಾವ ನೀರಾದರೂ ಸುರಕ್ಷಿತ.

ಸತ್ಯ: ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಕಾಲರಾ, ಟೈಫಾಯ್ಡ್, ಕಾಮಾಲೆಯ ಭಯವಿರುವಾಗ ಅದಕ್ಕಿಂತ ಒಳ್ಳೆಯ ಮನೆಮದ್ದಿಲ್ಲ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್‌ಗಳ ಮಾತು ಬೇರೆ. ಅವು ಆವಿಯಾಗುವುದಿಲ್ಲ, ನೀರು ಮಾತ್ರ ಆವಿಯಾಗುತ್ತದೆ. ಕುದಿಸಿದಷ್ಟೂ ಉಳಿದ ನೀರಿನಲ್ಲಿ ಅವುಗಳ ಸಾಂದ್ರತೆ ಏರುತ್ತದೆ. ಹಟ್ಟಿ, ತಿಪ್ಪೆ, ಶೌಚದ ಗುಂಡಿಯ ಹತ್ತಿರದ ಬಾವಿಯಲ್ಲಿ, ಯೂರಿಯಾ ಹೇರಳವಾಗಿ ಬಿದ್ದ ಹೊಲದ ಬೋರ್‌ವೆಲ್‌ನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮಿತಿಯನ್ನು ಮೀರಿರುವ ಸಾಧ್ಯತೆ ಇದೆ. ಅಂಥ ನೀರಿನಲ್ಲಿ ಹಾಲುಪುಡಿ ಕದಡಿ ಎಳೆಗೂಸಿಗೆ ಕುಡಿಸಿದರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದಿ ಮಗು ನೀಲಿಗಟ್ಟಬಹುದು. ನೈಟ್ರೇಟ್ ಇದೆಯೆಂದು ಗೊತ್ತಾದರೆ ಮಗುವಿಗೆ ಬೇರೆ ನೀರೇ ಬೇಕು.

ತಪ್ಪು ಕಲ್ಪನೆ: ಊರಿಗೆ ಶುದ್ಧ ನೀರಿನ ಘಟಕ ಬಂತು, ಫ್ಲೋರೈಡ್ ಸಮಸ್ಯೆ ಮುಗಿಯಿತು.

ಸತ್ಯ: ಘಟಕದ ಮುಂದೆ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವವರು ಒಮ್ಮೆ ಅದರ ಹಿಂಭಾಗಕ್ಕೂ ಹೋಗಿ ನೋಡಬೇಕು. ಅಲ್ಲೊಂದು ಪೈಪು ಸದಾ ಸುರಿಯುತ್ತಿರುತ್ತದೆ. ಘಟಕದೊಳಗಿನ ಆರ್‌ಒ ಪೊರೆ ಫ್ಲೋರೈಡನ್ನು ನಾಶ ಮಾಡುವುದಿಲ್ಲ. ಒಂದಿಷ್ಟು ನೀರಿನಿಂದ ತೆಗೆದು ಇನ್ನೊಂದಿಷ್ಟು ನೀರಿಗೆ ಹಾಕುತ್ತದೆ, ಅಷ್ಟೇ. ಹಿಂಬದಿಯ ಪೈಪಿನಲ್ಲಿ ಹೊರಬೀಳುವುದು ಬೋರ್‌ವೆಲ್ ನೀರಿಗಿಂತ ಹೆಚ್ಚು ಫ್ಲೋರೈಡ್, ಹೆಚ್ಚು ಲವಣ ಹೊತ್ತ ನೀರು. ಅದು ಚರಂಡಿಗೆ ಹೋಗಿ ಅಲ್ಲೇ ಇಂಗಿದರೆ ನಾಳೆ ಅದೇ ನೆಲದಿಂದ ಮೇಲೆ ಬರುತ್ತದೆ. ಘಟಕ ಬೇಕು, ಇಂದಿನ ಮಕ್ಕಳ ಹಲ್ಲು, ಮೂಳೆ ಉಳಿಸಲು ಅದು ಬೇಕೇ ಬೇಕು. ಜೊತೆಗೆ ಹೊರಹೋಗುವ ನೀರಿಗೊಂದು ವ್ಯವಸ್ಥೆಯೂ, ಪೊರೆ ಬದಲಿಸುವ ದಿನಾಂಕದ ಲೆಕ್ಕವೂ, ಹೊರಬರುವ ಕುಡಿಯುವ ನೀರಿನ ನಿಯತ ಪರೀಕ್ಷೆಯೂ ಬೇಕು. ಪೊರೆ ಹರಿದ ಘಟಕವೂ ತಿಳಿನೀರನ್ನೇ ಕೊಡುತ್ತದೆ.

ತಪ್ಪು ಕಲ್ಪನೆ: ಕೆರೆಯಲ್ಲಿ ನೊರೆ ಎದ್ದರೆ ಕಾರ್ಖಾನೆ ಕಾರಣ, ಮೀನು ಸತ್ತರೆ ಯಾರೋ ವಿಷ ಹಾಕಿದ್ದಾರೆ.

ಸತ್ಯ: ಬೆಂಗಳೂರಿನ ಬೆಳ್ಳಂದೂರು ಕೆರೆಯ ಯಮಲೂರು ಕೋಡಿಯಲ್ಲಿ ಎದ್ದ ನೊರೆ ರಸ್ತೆಗೆ ಹಾರಿ ವಾಹನ ಸವಾರರ ಮೈಮೇಲೆ ಬಿದ್ದದ್ದನ್ನು, 2015ರಲ್ಲಿ ಆ ನೊರೆಗೆ ಬೆಂಕಿ ಹತ್ತಿದ್ದನ್ನು ನಾಡೆಲ್ಲ ಕಂಡಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ನೊರೆಯ ಮೂಲ ಹುಡುಕಿದಾಗ ಸಿಕ್ಕಿದ್ದು ನಮ್ಮ ಬಚ್ಚಲು ಮನೆ. ಬಟ್ಟೆ, ಪಾತ್ರೆ ತೊಳೆಯುವ ಮಾರ್ಜಕಗಳಲ್ಲಿ ನೊರೆ ಬರಿಸುವ ರಾಸಾಯನಿಕಗಳಿವೆ. ಸಂಸ್ಕರಿಸದ ಕೊಳಚೆಯೊಂದಿಗೆ ಕೆರೆಗೆ ಬಂದ ಅವು ತಳದ ಹೂಳಿಗೆ ಅಂಟಿಕೊಂಡು ಸಂಗ್ರಹವಾಗುತ್ತವೆ. ಜೋರು ಮಳೆ ಬಂದು ಹೂಳು ಕದಡಿದಾಗ ಮತ್ತೆ ನೀರಿಗೆ ಬಿಡುಗಡೆಯಾಗುತ್ತವೆ. ಆ ನೀರು ಕೋಡಿಯಿಂದ ಧುಮುಕುವಾಗ ಗಾಳಿ ಸೇರಿ ನೊರೆಯ ಬೆಟ್ಟ ಏಳುತ್ತದೆ. ಮಳೆ ಬಿದ್ದರೆ ನೊರೆ ಕೊಚ್ಚಿಹೋಗುವ ಬದಲು ಹೆಚ್ಚುವುದು ಈ ಕಾರಣಕ್ಕೆ. ಕಾರ್ಖಾನೆಗಳು ನಿರಪರಾಧಿಗಳೆಂದು ಇದರ ಅರ್ಥವಲ್ಲ. ಆದರೆ ಅವುಗಳತ್ತ ಮಾತ್ರ ಬೆರಳು ತೋರಿಸುತ್ತಾ ಕೂತರೆ, ಪ್ರತಿ ಮನೆಯ ಕೊಳಚೆಯೂ ಸಂಸ್ಕರಣಾ ಘಟಕ ತಲುಪಬೇಕು ಮತ್ತು ಕೆರೆಯ ಹೂಳು ತೆಗೆಯಬೇಕು ಎಂಬ ನಿಜವಾದ ಕೆಲಸ ಹಿಂದೆ ಬೀಳುತ್ತದೆ.

2016ರ ಮಾರ್ಚಿನಲ್ಲಿ ಹಲಸೂರು ಕೆರೆಯ ದಡಕ್ಕೆ ರಾಶಿ ರಾಶಿ ಸತ್ತ ಮೀನು ಬಂದು ಬಿತ್ತು. ಕೊಳಚೆ ಕೆರೆಗಳಲ್ಲಿ ಹೀಗಾಗುವುದು ಹೆಚ್ಚಾಗಿ ಉಸಿರು ಕಟ್ಟಿ. ಕೊಳಚೆಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಕೊಳಚೆಯ ಗೊಬ್ಬರ ತಿಂದು ಬೆಳೆದ ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೂ ಅದನ್ನು ಹೀರುತ್ತದೆ. ಹಾಗಾಗಿ ಬೆಳಗಿನ ಜಾವಕ್ಕೆ ಕೆರೆಯ ಆಮ್ಲಜನಕ ತಳ ಮುಟ್ಟುತ್ತದೆ, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಮಧ್ಯಾಹ್ನ ನೀರಿನ ಮಾದರಿ ತೆಗೆದವರಿಗೆ ಎಲ್ಲವೂ ಸರಿಯಾಗಿ ಕಾಣಬಹುದು. ಎಲ್ಲಿ ಅಳೆದಿರಿ ಎಂಬಷ್ಟೇ ಯಾವಾಗ ಅಳೆದಿರಿ ಎಂಬುದೂ ಮುಖ್ಯ.

ತಪ್ಪು ಕಲ್ಪನೆ: ಸಂಸ್ಕರಿಸಿದ ನೀರು ಎಂದರೆ ಪೂರ್ತಿ ಶುದ್ಧವಾದ ನೀರು. (ಇದರ ಎದುರು ತುದಿ: ಸಂಸ್ಕರಿಸಿದರೂ ಕೊಳಚೆ ಕೊಳಚೆಯೇ.)

ಸತ್ಯ: ಎರಡೂ ತಪ್ಪು. ಸಂಸ್ಕರಣೆಯಲ್ಲಿ ಹಂತಗಳಿವೆ. ಮೊದಲ ಹಂತದಲ್ಲಿ ಕಸ, ಮರಳು, ಗಸಿ ಬೇರೆಯಾಗುತ್ತವೆ. ಎರಡನೆಯ ಹಂತದಲ್ಲಿ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸಿ ಕೊಳೆಯುವ ಪದಾರ್ಥವನ್ನು ಅವುಗಳಿಗೇ ತಿನ್ನಿಸುತ್ತಾರೆ. ರಂಜಕ, ಸಾರಜನಕ, ಉಳಿದ ರೋಗಾಣುಗಳನ್ನು ಗುರಿಯಾಗಿಸುವುದು ಮೂರನೆಯ ಹಂತ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವುದು ಎರಡು ಹಂತ ದಾಟಿದ ನೀರು. ಒಣಗಿದ ಕೆರೆಗಳು ತುಂಬಿ ಸುತ್ತಲಿನ ಅಂತರ್ಜಲ ಏರಿದ್ದು ನಿಜ, ಅದು ಸಣ್ಣ ಸಂಗತಿಯಲ್ಲ. ಆ ನೀರಿನ ಗುಣಮಟ್ಟದ ಬಗ್ಗೆ ಕೋಲಾರದ ರೈತರು ಎತ್ತಿದ ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು. ಉತ್ತರ ಇರುವುದು ಕೆರೆಯ, ಸುತ್ತಲ ಬಾವಿಗಳ ನಿರಂತರ ಪರೀಕ್ಷೆಯಲ್ಲಿ, ಅದರ ಫಲಿತಾಂಶ ಊರಿನವರ ಕೈಗೆ ಸಿಗುವುದರಲ್ಲಿ.

ತಪ್ಪು ಕಲ್ಪನೆ: ಗಾಳಿಯ ಮಾಲಿನ್ಯ ದೆಹಲಿಯ ಕಷ್ಟ. ನಮ್ಮ ಸೂಚ್ಯಂಕ ತೃಪ್ತಿಕರವಾಗಿದೆ.

ಸತ್ಯ: 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಮಲಿನ ಗಾಳಿಯ ನಗರಗಳ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಇವೆ. ವಾಯು ಗುಣಮಟ್ಟ ಸೂಚ್ಯಂಕಕ್ಕೆ ಎಂಟು ಮಾಲಿನ್ಯಕಾರಕಗಳನ್ನು ಪರಿಗಣಿಸುತ್ತಾರೆ. ಅವುಗಳ ಸರಾಸರಿ ತೆಗೆಯುವುದಿಲ್ಲ. ಯಾವುದು ಅತಿ ಕೆಟ್ಟದ್ದೋ ಅದರ ಅಂಕಿಯೇ ಆ ದಿನದ ಅಂಕಿ. 51ರಿಂದ 100ರವರೆಗೆ ತೃಪ್ತಿಕರ ಎಂಬ ಹೆಸರು ಬಂದದ್ದು ನಮ್ಮ ದೇಶದ ಮಿತಿಗಳನ್ನು ಆಧರಿಸಿ. ಕೂದಲೆಳೆಯ ಸುಮಾರು ಮೂವತ್ತನೇ ಒಂದು ಭಾಗದಷ್ಟಿರುವ ಪಿಎಂ 2.5 ಕಣಗಳಿಗೆ ನಮ್ಮ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಅಲ್ಲದೆ ಸೂಚ್ಯಂಕದಲ್ಲಿ ದೂಳಿನ ಲೆಕ್ಕ 24 ಗಂಟೆಗಳ ಸರಾಸರಿ. ಸಿಗ್ನಲ್‌ನಲ್ಲಿ ನಿಂತ ಪೊಲೀಸರು, ಸೌದೆ ಒಲೆಯ ಮುಂದೆ ಕೂತ ಹೆಂಗಸರು ಉಸಿರಾಡುವ ಗಾಳಿ ಮೈಲಿ ದೂರದ ಮಾಪನ ಕೇಂದ್ರದ ಅಂಕಿಯಲ್ಲಿ ಕಾಣುವುದಿಲ್ಲ.

ತಪ್ಪು ಕಲ್ಪನೆ: ಬೆಲ್ಲ ತಿಂದರೆ ಎದೆಯ ದೂಳು ಇಳಿಯುತ್ತದೆ, ಕುಂಡದ ಗಿಡ ಮನೆಯ ಗಾಳಿ ಶುದ್ಧ ಮಾಡುತ್ತದೆ.

ಸತ್ಯ: ಕಲ್ಲುಕ್ವಾರಿ, ಜಲ್ಲಿ ಕ್ರಷರ್, ಗಿರಣಿಗಳಲ್ಲಿ ದುಡಿಯುವವರಿಗೆ ಸಂಜೆ ಬೆಲ್ಲ ಕೊಡುವ ರೂಢಿ ಇದೆ. ಇಲಿಗಳ ಮೇಲೆ ನಡೆದ ಒಂದು ಪ್ರಯೋಗ 1994ರಲ್ಲಿ ಪ್ರಕಟವಾಗಿ ಈ ನಂಬಿಕೆಗೆ ಬಲ ಕೊಟ್ಟಿತು. ಮನುಷ್ಯರಲ್ಲಿ ಬೆಲ್ಲ ಶ್ವಾಸಕೋಶವನ್ನು ಕಾಪಾಡುತ್ತದೆ ಎಂಬುದು ಸಾಬೀತಾಗಿಲ್ಲ. ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ಮುಚ್ಚಿದ ಯಂತ್ರ, ನೀರು ಸಿಂಪಡಿಸಿ ದೂಳು ಅಡಗಿಸುವುದು, ಸರಿಯಾದ ಮಾಸ್ಕ್: ಕಾರ್ಮಿಕನಿಗೆ ಸಲ್ಲಬೇಕಾದ ರಕ್ಷಣೆ ಇದು. ಅದನ್ನು ಕೊಡದೆ ಅಂಗೈಗೆ ಬೆಲ್ಲ ಹಾಕುವುದು ಅನ್ಯಾಯ.

ಗಿಡಗಳ ಕಥೆ ನಾಸಾದ 1989ರ ಪ್ರಯೋಗದಿಂದ ಬಂದದ್ದು. ಅದು ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ. ಕಿಟಕಿ, ಬಾಗಿಲಿನಿಂದ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳಿಂದ ಮಾಡಿಸಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ ಕನಿಷ್ಠ ಹತ್ತು ಗಿಡ ಬೇಕೆಂದು 2019ರ ವಿಶ್ಲೇಷಣೆ ತೋರಿಸಿತು. ಗಿಡ ಬೆಳೆಸಿ, ಕಣ್ಣಿಗೆ ಹಿತ. ಒಳಗಿನ ಹೊಗೆಗೆ ಮದ್ದು ಮಾತ್ರ ತೆರೆದ ಕಿಟಕಿ ಮತ್ತು ಹೊಗೆಯಿಲ್ಲದ ಒಲೆ.

ತಪ್ಪು ಕಲ್ಪನೆ: ಮಣ್ಣು ಎಲ್ಲವನ್ನೂ ಅರಗಿಸಿಕೊಳ್ಳುತ್ತದೆ. ಸೊಪ್ಪನ್ನು ಚೆನ್ನಾಗಿ ತೊಳೆದರೆ ಸಾಕು.

ಸತ್ಯ: ಸಗಣಿ, ಎಲೆ, ಮಲಗಳನ್ನು ಮಣ್ಣು ಅರಗಿಸಿಕೊಳ್ಳುತ್ತದೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಮೂಲಧಾತುಗಳು, ಅವು ಕೊಳೆಯುವುದಿಲ್ಲ. ಕಾರ್ಖಾನೆಯ ತ್ಯಾಜ್ಯ ಬೆರೆತ ಕೊಳಚೆಯಲ್ಲಿ ಬೆಳೆದ ಸೊಪ್ಪು ಬೇರಿನ ಮೂಲಕವೇ ಲೋಹವನ್ನು ಹೀರಿಕೊಂಡಿರುತ್ತದೆ. ತೊಳೆದರೆ ಹೋಗುವುದು ಮೇಲಿನ ಮಣ್ಣು ಮತ್ತು ಒಂದಿಷ್ಟು ರೋಗಾಣು ಮಾತ್ರ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದರೂ ಅದಿರು ಅರೆದು ಉಳಿದ ಸೈನೈಡ್ ದಿಬ್ಬಗಳು ಕೆಜಿಎಫ್ ಸುತ್ತ ಇಂದಿಗೂ ನಿಂತಿವೆ. ಸೈನೈಡ್ ಬಿಸಿಲು, ಗಾಳಿಗೆ ಕಾಲಕ್ರಮದಲ್ಲಿ ಒಡೆಯುತ್ತದೆ. ಅದಿರಿನೊಂದಿಗೆ ಬಂದ ಲೋಹಗಳು ಉಳಿಯುತ್ತವೆ. ಇಂಥ ಕಡೆ ಗಿಡ, ಹುಲ್ಲು ಬೆಳೆಸಿ ದೂಳು ಏಳದಂತೆ ಹಿಡಿದಿಡುವುದು ಒಂದು ದಾರಿ. ಲೋಹ ಹೀರುವ ಗಿಡಗಳನ್ನು ಬೆಳೆಸಿದರೆ ಅವುಗಳನ್ನು ಕಿತ್ತು ಎಚ್ಚರದಿಂದ ವಿಲೇವಾರಿ ಮಾಡಬೇಕು, ದನಕ್ಕೆ ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ.

ಹಾಗಾದರೆ ನಾವೇನು ಮಾಡಬೇಕು?

ಪರೀಕ್ಷೆ ನಿಮ್ಮ ಕೈಯಳತೆಯಲ್ಲೇ ಇದೆ. ಜಲಜೀವನ್ ಮಿಷನ್‌ನಲ್ಲಿ ಗ್ರಾಮಗಳಿಗೆ ನೀರು ಪರೀಕ್ಷಾ ಕಿಟ್ ಕೊಟ್ಟು, ಊರಿಗೆ ಐವರಂತೆ ಮಹಿಳೆಯರಿಗೆ ತರಬೇತಿ ನೀಡುವ ವ್ಯವಸ್ಥೆ ಇದೆ. ಕಿಟ್‌ನಲ್ಲಿರುವ ಸಣ್ಣ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟಾಗ ಅದು ಕಪ್ಪಾದರೆ ಮಲದ ಬ್ಯಾಕ್ಟೀರಿಯಾ ಸೇರಿರುವ ಸೂಚನೆ. ಫ್ಲೋರೈಡ್, ನೈಟ್ರೇಟ್‌ಗಳನ್ನು ಬಣ್ಣದ ಪಟ್ಟಿಯೊಂದಿಗೆ ಹೋಲಿಸಿ ಅಂದಾಜಿಸಬಹುದು. ಅನುಮಾನ ಬಂದರೆ ಜಿಲ್ಲಾ ಪ್ರಯೋಗಾಲಯಕ್ಕೆ ಮಾದರಿ ಕಳಿಸಬಹುದು.

ವರದಿ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ. ಯಾವುದನ್ನು ಅಳೆದಿದ್ದೀರಿ? ಎಲ್ಲಿ, ಯಾವಾಗ ಅಳೆದಿದ್ದೀರಿ? ನೀರಿನಿಂದ, ಗಾಳಿಯಿಂದ, ಮಣ್ಣಿನಿಂದ ತೆಗೆದ ವಿಷವನ್ನು ಕೊನೆಗೆ ಎಲ್ಲಿ ಹಾಕುತ್ತೀರಿ? ಗ್ರಾಮಸಭೆಯಲ್ಲಿ, ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ, ವಾರ್ಡ್ ಸಮಿತಿಯಲ್ಲಿ ಈ ಪ್ರಶ್ನೆಗಳನ್ನು ಕೇಳುವುದು ತಜ್ಞರ ಕೆಲಸಕ್ಕೆ ಅಡ್ಡಿಪಡಿಸಿದಂತಲ್ಲ. ಆ ನೀರು ಕುಡಿಯುವವರು, ಆ ಗಾಳಿ ಉಸಿರಾಡುವವರು ನಾವು. ಉತ್ತರ ಪಡೆಯುವ ಹಕ್ಕು ನಮ್ಮದು.