ಮಾನಕ್ಕೆ ಬೆಲೆ ಕಟ್ಟುವ ದಾವೆಗಳು

2012ರ ಜುಲೈ ತಿಂಗಳಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಹೆದ್ದಾರಿಯಲ್ಲಿ ಇಬ್ಬರು ಮಹಿಳೆಯರು ಕಾರಿನಲ್ಲಿ ಹೋಗುತ್ತಿದ್ದರು. ಸಿಗರೇಟಿನ ತುಂಡನ್ನು ಕಿಟಕಿಯಿಂದ ಹೊರಗೆ ಎಸೆದರೆಂದು ಪೊಲೀಸರು ಕಾರು ನಿಲ್ಲಿಸಿದರು. ಗಾಂಜಾ ವಾಸನೆ ಬರುತ್ತಿದೆ ಎಂದು ಹೇಳಿ ಮಹಿಳಾ ಪೊಲೀಸರನ್ನು ಕರೆಸಿದರು. ಆಕೆ ರಸ್ತೆ ಬದಿಯಲ್ಲೇ, ವಾಹನಗಳು ಓಡಾಡುತ್ತಿರುವಾಗಲೇ, ಇಬ್ಬರ ಒಳಉಡುಪಿನೊಳಗೂ ಕೈಹಾಕಿ ಹುಡುಕಿದರು. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಕೈಗವಸನ್ನೂ ಬದಲಿಸಲಿಲ್ಲ ಎಂದು ಇವರು ನಂತರ ದಾವೆಯಲ್ಲಿ ಹೇಳಿದರು. ಗಾಂಜಾ ಸಿಗಲಿಲ್ಲ. ಕಸ ಎಸೆದದ್ದಕ್ಕೆ ಎಚ್ಚರಿಕೆ ಕೊಟ್ಟು ಕಳಿಸಿಬಿಟ್ಟರು! ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಗಿತ್ತು.

ಮಹಿಳೆಯನ್ನು ಮಹಿಳೆಯೇ ತಪಾಸಣೆ ಮಾಡಬೇಕು, ಅದೂ ಸಭ್ಯತೆ ಮೀರದಂತೆ ಮಾಡಬೇಕು ಎಂದು ನಮ್ಮ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 49ನೇ ಕಲಂ ಹೇಳುತ್ತದೆ. ನಾವು ಹುಡುಗಿಯರು ಮೊದಲರ್ಧವನ್ನಷ್ಟೇ ನೆನಪಿಟ್ಟುಕೊಂಡಿರುತ್ತೇವೆ. ಈ ಪ್ರಕರಣ ಓದಿದಾಗ ಎರಡನೆಯರ್ಧವೇ ಮುಖ್ಯ ಎನ್ನಿಸಿತು.

ಕ್ರಿಮಿನಲ್ ಮೊಕದ್ದಮೆಯನ್ನು ಸರ್ಕಾರ ನಡೆಸುತ್ತದೆ, ತಪ್ಪಿತಸ್ಥರಿಗೆ ಶಿಕ್ಷೆಯಾಗುತ್ತದೆ. ಸಿವಿಲ್ ದಾವೆಯನ್ನು ನೊಂದವರೇ ಹೂಡುತ್ತಾರೆ, ಪರಿಹಾರ ಕೇಳುತ್ತಾರೆ. ಸರ್ಕಾರಿ ವಕೀಲರು ಮನಸ್ಸು ಮಾಡುವವರೆಗೆ ಕಾಯಬೇಕಾಗಿಲ್ಲ. ಅಮೆರಿಕದಲ್ಲಿ ಪೊಲೀಸರ ಮೇಲೆ ಇಂಥ ದಾವೆ ಹೂಡಲು ಬಳಸುವ ಕಾನೂನು 1871ರದ್ದು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು ಕು ಕ್ಲಕ್ಸ್ ಕ್ಲಾನ್‌ನ ದಾಳಿಯಿಂದ ಕಾಪಾಡಲು ಮಾಡಿದ್ದು. ಬಹುಕಾಲ ಅದರ ಬಳಕೆ ತೀರಾ ಕಡಿಮೆಯಿತ್ತು. ಶಿಕಾಗೋದಲ್ಲಿ 13 ಪೊಲೀಸರು ಒಂದು ಕಪ್ಪು ಕುಟುಂಬದ ಮನೆಗೆ ನುಗ್ಗಿ, ಗಂಡ ಹೆಂಡತಿಯನ್ನು ನಡುಮನೆಯಲ್ಲಿ ಬೆತ್ತಲೆ ನಿಲ್ಲಿಸಿದ್ದರು. ಆ ಪ್ರಕರಣದಲ್ಲಿ 1961ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಿಂದ ಹಳೆಯ ಕಾನೂನಿಗೆ ಮತ್ತೆ ಜೀವ ಬಂತು.

ಟೆಕ್ಸಾಸಿನ ಮಹಿಳೆಯರಿಗೆ 1,85,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು. ಇಂಥ ಇನ್ನೂ ಕೆಲವು ಪ್ರಕರಣಗಳು ಹೊರಬಂದ ಮೇಲೆ, 2015ರಲ್ಲಿ ಆ ರಾಜ್ಯ ಹೊಸ ಕಾನೂನು ತಂದಿತು. ವಾಹನ ತಡೆದಾಗ ದೇಹದ ಒಳಭಾಗವನ್ನು ಪರೀಕ್ಷಿಸಬೇಕಾದರೆ ಈಗ ವಾರಂಟ್ ಬೇಕು.

ವಾರಂಟ್ ಇದ್ದರೂ ಏನಾಗಬಹುದೆಂಬುದಕ್ಕೆ ನ್ಯೂ ಮೆಕ್ಸಿಕೋ ರಾಜ್ಯದ ಡೆಮಿಂಗ್ ಊರಿನ ಘಟನೆ ಇದೆ. 2013ರ ಜನವರಿಯಲ್ಲಿ, ನಿಲುಗಡೆ ಫಲಕದ ಬಳಿ ಕಾರು ಸರಿಯಾಗಿ ನಿಲ್ಲಿಸಲಿಲ್ಲವೆಂದು ಒಬ್ಬರನ್ನು ಹಿಡಿದರು. ದೇಹದೊಳಗೆ ಮಾದಕ ವಸ್ತು ಅಡಗಿಸಿದ್ದಾರೆಂಬ ಅನುಮಾನ. ಮೊದಲ ಆಸ್ಪತ್ರೆಯ ವೈದ್ಯರು ಇದು ವೈದ್ಯ ಧರ್ಮವಲ್ಲ ಎಂದು ನಿರಾಕರಿಸಿದರು. (ಆ ವೈದ್ಯರಿಗೆ ಸಲಾಂ.) ಪೊಲೀಸರು ಬೇರೊಂದು ಆಸ್ಪತ್ರೆಗೆ ಕರೆದೊಯ್ದು, ಅವರ ಒಪ್ಪಿಗೆಯಿಲ್ಲದೆ ಎಕ್ಸ್‌ರೇ, ಮೂರು ಸಲ ಎನಿಮಾ, ಕೊನೆಗೆ ಅರಿವಳಿಕೆ ಕೊಟ್ಟು ಕೊಲೊನೊಸ್ಕೋಪಿಯನ್ನೂ ಮಾಡಿಸಿದರು. ಏನೂ ಸಿಗಲಿಲ್ಲ. ಆಮೇಲೆ ಆಸ್ಪತ್ರೆ ಅವರಿಗೇ ಬಿಲ್ ಕಳಿಸಿತು! ಡೆಮಿಂಗ್ ನಗರವೂ ಪಕ್ಕದ ಹಿಡಾಲ್ಗೊ ಕೌಂಟಿಯೂ ಸೇರಿ ಅವರಿಗೆ 16 ಲಕ್ಷ ಡಾಲರ್ ಕೊಡಬೇಕಾಯಿತು.

ಉರ್ದುವಿನಲ್ಲಿ ಇಜ್ಜತ್, ಕನ್ನಡದಲ್ಲಿ ಮಾನ. "ಹೋದ ಇಜ್ಜತ್ ದುಡ್ಡಿಗೆ ಬರುತ್ತದೆಯೇ?" ಎಂದು ಅಮ್ಮಿ ಕೇಳಿದರು. ಬರುವುದಿಲ್ಲ. ಆದರೆ ಅಕೌಂಟೆನ್ಸಿಯಲ್ಲಿ ನಾವು ಕಣ್ಣಿಗೆ ಕಾಣದ ಗುಡ್‌ವಿಲ್‌ಗೂ ಬೆಲೆ ಕಟ್ಟುತ್ತೇವಲ್ಲ! ಬೆಲೆ ಕಟ್ಟಿದಾಗ ಅದು ಲೆಕ್ಕದ ಪುಸ್ತಕಕ್ಕೆ ಬರುತ್ತದೆ, ಇಲ್ಲದಿದ್ದರೆ ನಷ್ಟ ಆಗಲೇ ಇಲ್ಲವೆಂಬಂತೆ ಇರುತ್ತದೆ.

ನನ್ನ ತಕರಾರು ಬೇರೆ. ಈ ಹಣ ಯಾರ ಖಾತೆಗೆ ಖರ್ಚು? ಜೊವಾನಾ ಶ್ವಾರ್ಟ್ಜ್ ಎಂಬ ಕಾನೂನು ಪ್ರಾಧ್ಯಾಪಕಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ದೊಡ್ಡ ಪೊಲೀಸ್ ಇಲಾಖೆಗಳ ಮೇಲಿನ ಇಂಥ ದಾವೆಗಳಲ್ಲಿ ನೊಂದವರಿಗೆ ಸಂದ ಹಣದಲ್ಲಿ ಅಧಿಕಾರಿಗಳ ಜೇಬಿನಿಂದ ಹೋದದ್ದು ಶೇ. 0.02. ಅಂದರೆ ಹತ್ತು ಸಾವಿರಕ್ಕೆ ಎರಡು! ಮಿಕ್ಕದ್ದೆಲ್ಲ ಸಾರ್ವಜನಿಕರ ತೆರಿಗೆಯಿಂದಲೋ ವಿಮೆಯಿಂದಲೋ ಹೋಗುತ್ತದೆ. ತಪ್ಪು ಮಾಡಿದವರ ಖಾತೆಯಲ್ಲಿ ಡೆಬಿಟ್ಟೇ ಇಲ್ಲ.

ಎಲ್ಲರೂ ಗೆಲ್ಲುವುದೂ ಇಲ್ಲ. 2005ರಲ್ಲಿ ನ್ಯೂಜೆರ್ಸಿಯಲ್ಲಿ ಹೆಂಡತಿ ಓಡಿಸುತ್ತಿದ್ದ ಕಾರಿನಲ್ಲಿ ಕುಳಿತಿದ್ದ ಒಬ್ಬರನ್ನು, ದಂಡ ಬಾಕಿಯಿದೆ ಎಂಬ ಹಳೆಯ ವಾರಂಟಿನ ಮೇಲೆ ಬಂಧಿಸಿದರು. ದಂಡವನ್ನು ಅವರು ಆಗಲೇ ಕಟ್ಟಿದ್ದರು. ಆದರೂ ಎರಡು ಜೈಲುಗಳಲ್ಲಿ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದರು. ಅವರ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2012ರ ಏಪ್ರಿಲ್ 2ರಂದು ಐವರು ನ್ಯಾಯಮೂರ್ತಿಗಳು ಜೈಲಿನ ಪರ ನಿಂತರು, ಅವರು ಸೋತರು. ಸಣ್ಣ ತಪ್ಪಿಗೆ ಹಿಡಿದವರನ್ನು ಅನುಮಾನಕ್ಕೆ ಕಾರಣವೇ ಇಲ್ಲದೆ ಬೆತ್ತಲೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ನ್ಯಾಯಮೂರ್ತಿ ಬ್ರೇಯರ್ ಭಿನ್ನ ತೀರ್ಪು ಬರೆದರು. ಅವರ ಜೊತೆಗಿದ್ದವರು ಮೂವರೇ.